ಎಂಆರ್‌ಎಸ್‌ಎ ಪಾಸಿಟಿವ್ ಬಂದವರಿಗೆ ಕೊಡುವ 5 ದಿನದ ಕಿಟ್: ಬಳಸಿದ ನರ್ಸ್ ಒಬ್ಬಳ ರಿವ್ಯೂ

ಮ್ಯುಪಿರೋಸಿನ್ ಮುಲಾಮಿನ ಒಂದು ಪುಟ್ಟ ಟ್ಯೂಬು, ಶೇ. 4ರ ಕ್ಲೋರ್‌ಹೆಕ್ಸಿಡಿನ್ ಇರುವ ಒಂದು ಬಾಟಲಿ ಬಾಡಿ ವಾಶ್. ಕಿಟ್ ಅಂದರೆ ಇಷ್ಟೇ. ಮೂಗಿನಲ್ಲೋ ಚರ್ಮದ ಮೇಲೋ ಎಂಆರ್‌ಎಸ್‌ಎ ಅನ್ನುವ, ಮಾಮೂಲಿ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಅಂತ ಸ್ವಾಬ್ (ಹತ್ತಿ ಕಡ್ಡಿಯಲ್ಲಿ ತೆಗೆದ ಮಾದರಿ) ರಿಪೋರ್ಟ್ ಬಂದರೆ 5 ದಿನ ಬಳಸಲು ಕೊಡುತ್ತಾರೆ. ಸಿಬ್ಬಂದಿಗೂ ಕೊಡುತ್ತಾರೆ, ರೋಗಿಗಳಿಗೂ ಕೊಡುತ್ತಾರೆ. ನಾನು ಐಸಿಯುನಲ್ಲಿ ಸ್ಟಾಫ್ ನರ್ಸ್. ರೋಗಿಗಳ ಮೈಗೆ ಇದನ್ನು ಹಚ್ಚಿ ಅಭ್ಯಾಸ ಇತ್ತು, ಈ ಸಲ ನನಗೇ ಬೇಕಾಯಿತು. ಹಾಗಾಗಿ ಎರಡೂ ಕಡೆಯಿಂದ ನೋಡಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಔಷಧಿಗೆ ಐದಕ್ಕೆ ನಾಲ್ಕು ಸ್ಟಾರ್. ಅದನ್ನು ನಮ್ಮ ಕೈಗೆ ಕೊಟ್ಟ ರೀತಿಗೆ ಎರಡು. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸದ ಬಗ್ಗೆಯೇ ನನಗೆ ಜಾಸ್ತಿ ಹೇಳಬೇಕಾಗಿರುವುದು. ಯಾಕೆಂದರೆ ಟ್ಯೂಬು ಒಳ್ಳೆಯದಿದ್ದು, ಅದನ್ನು ಯಾಕೆ ಹೇಗೆ ಹಚ್ಚಬೇಕು ಅಂತ ಹೇಳುವವರು ಇಲ್ಲದಿದ್ದರೆ, ಬ್ಯಾಕ್ಟೀರಿಯಾಗೆ ಏನೂ ಆಗುವುದಿಲ್ಲ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಸ್ಟ್ಯಾಫಿಲೊಕಾಕಸ್ ಆರಿಯಸ್, ಚುಟುಕಾಗಿ ಸ್ಟ್ಯಾಫ್, ಅನ್ನುವ ಬ್ಯಾಕ್ಟೀರಿಯಾ ತುಂಬಾ ಜನರ ಮೂಗಿನ ಹೊಳ್ಳೆಯಲ್ಲಿ ಸುಮ್ನೆ ಇರುತ್ತದೆ. ಯಾವ ಸಮಯದಲ್ಲಿ ಪರೀಕ್ಷೆ ಮಾಡಿದರೂ ಸುಮಾರು ಮೂರು ಜನರಲ್ಲಿ ಒಬ್ಬರ ಮೂಗಿನಲ್ಲಿ ಸಿಗುತ್ತದೆ. ಏನೂ ತೊಂದರೆ ಇಲ್ಲ. ಗಾಯ ಆದಾಗ, ಆಪರೇಷನ್ ಆದಾಗ, ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಅನ್ನುವ ಟ್ಯೂಬ್ ಹಾಕಿದಾಗ ಅದು ಒಳಗೆ ಇಳಿದರೆ ಮಾತ್ರ ಕಷ್ಟ. ಈ ಸ್ಟ್ಯಾಫ್‌ನ ಒಂದು ತಳಿಗೆ ಪೆನಿಸಿಲಿನ್ ಗುಂಪಿನ ಔಷಧಿಗಳು ತಾಗುವುದೇ ಇಲ್ಲ, ಅದೇ ಎಂಆರ್‌ಎಸ್‌ಎ. ಹೆಸರಿನ ಮೊದಲ ‘ಎಂ’ ಅಂದರೆ ಮೆಥಿಸಿಲಿನ್, ಪೆನಿಸಿಲಿನ್ ಗುಂಪಿನದ್ದೇ ಒಂದು ಔಷಧಿ, ಅದು ಬಂದದ್ದು 1959ರಲ್ಲಿ. ಅದಕ್ಕೆ ಬಗ್ಗದ ಸ್ಟ್ಯಾಫ್ ಸಿಕ್ಕಿದೆ ಅಂತ ಬ್ರಿಟನ್ನಿನಿಂದ ವರದಿ ಬಂದದ್ದು 1961ರಲ್ಲಿ. ಎರಡೇ ವರ್ಷ! ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಿಕೊಳ್ಳಲು ಬಳಸುವ ಪ್ರೋಟೀನಿಗೆ ಹೋಗಿ ಅಂಟಿಕೊಂಡು ಗೋಡೆ ಕಟ್ಟದಂತೆ ಮಾಡುವುದು ಪೆನಿಸಿಲಿನ್ ಗುಂಪಿನ ಕೆಲಸ. ಎಂಆರ್‌ಎಸ್‌ಎ ಹತ್ತಿರ ಇರುವ ಮೆಕ್‌ಎ ಅನ್ನುವ ಜೀನ್ ಬೇರೆಯದೇ ಒಂದು ಪ್ರೋಟೀನ್ ಮಾಡಿಕೊಡುತ್ತದೆ, ಅದಕ್ಕೆ ಔಷಧಿ ಸರಿಯಾಗಿ ಅಂಟುವುದಿಲ್ಲ, ಗೋಡೆ ಕೆಲಸ ನಡೆಯುತ್ತಲೇ ಇರುತ್ತದೆ.

ಇದು ಸಣ್ಣ ವಿಷಯ ಅಲ್ಲ. 2019ರಲ್ಲಿ ಜಗತ್ತಿನಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ ಸತ್ತವರು ಸುಮಾರು 12.7 ಲಕ್ಷ ಜನ ಅಂತ ಅಂದಾಜು. ಅದರಲ್ಲಿ ಎಂಆರ್‌ಎಸ್‌ಎ ಪಾಲು 1 ಲಕ್ಷಕ್ಕಿಂತ ಜಾಸ್ತಿ. ಐಸಿಯುನಲ್ಲಿ ಕೆಲಸ ಮಾಡುವವರಿಗೆ ಈ ಅಂಕಿಗಳಿಗೆ ಮುಖ ಇರುತ್ತದೆ. ಆಪರೇಷನ್ ಚೆನ್ನಾಗಿ ಆಗಿ, ವೆಂಟಿಲೇಟರ್‌ನಿಂದಲೂ ಹೊರಗೆ ಬಂದು, ಇನ್ನೇನು ವಾರ್ಡಿಗೆ ಕಳಿಸಬೇಕು ಅನ್ನುವಾಗ ಜ್ವರ ಏರಿ, ಕಲ್ಚರ್ ರಿಪೋರ್ಟಿನಲ್ಲಿ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿ ತಾಗುತ್ತದೆ ಅಂತ ನೋಡುವ ಪರೀಕ್ಷೆ) ಸಾಲಾಗಿ ‘ಆರ್’ ‘ಆರ್’ ‘ಆರ್’ ಅಂತ ಬಂದಿರುತ್ತದಲ್ಲ, ಅದನ್ನು ನೋಡಿದವರಿಗೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಗೊತ್ತು. ‘ಆರ್’ ಅಂದರೆ ಆ ಔಷಧಿ ಕೆಲಸ ಮಾಡುವುದಿಲ್ಲ ಅಂತ. ಇನ್ನೂ ಉಳಿದಿರುವ ವ್ಯಾಂಕೋಮೈಸಿನ್, ಲಿನೆಝೋಲಿಡ್‌ನಂಥ ಔಷಧಿಗಳಿಗೆ ಅವುಗಳದ್ದೇ ತೊಂದರೆಗಳಿವೆ. ವ್ಯಾಂಕೋಮೈಸಿನ್ ಕೊಟ್ಟರೆ ಕಿಡ್ನಿ ಮೇಲೆ ಕಣ್ಣಿಟ್ಟಿರಬೇಕು.

ನಮ್ಮ ಯೂನಿಟ್‌ನಲ್ಲಿ ಒಂದರ ಹಿಂದೆ ಒಂದು ಗಾಯದ ಸ್ವಾಬ್‌ಗಳಲ್ಲಿ ಎಂಆರ್‌ಎಸ್‌ಎ ಬಂದಾಗ ಸಿಬ್ಬಂದಿ ಎಲ್ಲರ ಮೂಗಿನ ಸ್ವಾಬ್ ತೆಗೆದರು. ನರ್ಸ್‌ಗಳು, ಡಾಕ್ಟರ್‌ಗಳು, ಫಿಸಿಯೋಥೆರಪಿಯವರು, ಕ್ಲೀನಿಂಗ್ ಮಾಡುವವರು, ಎಲ್ಲರದ್ದೂ. ಕೆಲವರದ್ದು ಪಾಸಿಟಿವ್ ಬಂತು, ನನ್ನದೂ ಸೇರಿ. ನನಗೆ ಜ್ವರ ಇಲ್ಲ, ಗಾಯ ಇಲ್ಲ, ಒಂದು ಮೊಡವೆ ಕೂಡ ಇಲ್ಲ. ಇದನ್ನು ಕ್ಯಾರಿಯರ್ ಅನ್ನುತ್ತಾರೆ. ಕಾಯಿಲೆ ಅಲ್ಲ. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆಯಲ್ಲಿ ಬೇರೆ ಬೇರೆ ದೇಶಗಳ 127 ತನಿಖೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಆಸ್ಪತ್ರೆ ಸಿಬ್ಬಂದಿಯಲ್ಲಿ ಸರಾಸರಿ ಶೇ. 4.6 ಜನ ಎಂಆರ್‌ಎಸ್‌ಎ ಹೊತ್ತಿದ್ದರು, ಆ ಹೊತ್ತವರಲ್ಲಿ ಶೇ. 5ರ ಆಸುಪಾಸು ಜನರಿಗೆ ಮಾತ್ರ ನಿಜವಾದ ಸೋಂಕು ಇತ್ತು. ಈ ಒಂದು ಸಾಲನ್ನು ರಿಪೋರ್ಟ್ ಕೊಡುವಾಗಲೇ ಹೇಳಿದ್ದರೆ ಆ ದಿನ ಡ್ರೆಸ್ಸಿಂಗ್ ರೂಮಿನಲ್ಲಿ ಅಷ್ಟು ಜನ ಅಳುತ್ತಿರಲಿಲ್ಲ.

ಸರಿ, ಈಗ ಮುಲಾಮಿಗೆ ಬರೋಣ.

ಮ್ಯುಪಿರೋಸಿನ್ ಕೂಡ ಒಂದು ಆ್ಯಂಟಿಬಯಾಟಿಕ್ಕೇ. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಅನ್ನುವ ಬೇರೊಂದು ಬ್ಯಾಕ್ಟೀರಿಯಾ ತಯಾರಿಸುವ ವಸ್ತು ಇದು. ನುಂಗುವ ಮಾತ್ರೆಯಾಗಿ ಇದಿಲ್ಲ, ಯಾಕೆಂದರೆ ರಕ್ತಕ್ಕೆ ಸೇರಿದರೆ ಬೇಗ ಒಡೆದು ಹೋಗುತ್ತದೆ. ಮೇಲೆ ಹಚ್ಚಲು ಮಾತ್ರ. ಟ್ಯೂಬ್ ಎಷ್ಟು ಚಿಕ್ಕದು ಅಂದರೆ ಮೊದಲು ನೋಡಿದಾಗ ಇದು 5 ದಿನಕ್ಕೆ ಸಾಲುತ್ತಾ ಅನಿಸಿತು. ಸಾಲುತ್ತದೆ. ಒಂದು ಹೊಳ್ಳೆಗೆ ಬೆಂಕಿಕಡ್ಡಿಯ ತಲೆಯಷ್ಟು ಸಾಕು. ಕಿರುಬೆರಳಿನ ತುದಿಯಲ್ಲೋ ಹತ್ತಿ ಕಡ್ಡಿಯಲ್ಲೋ ತೆಗೆದುಕೊಂಡು ಹೊಳ್ಳೆಯ ಒಳಗೋಡೆಗೆ ಹಚ್ಚಬೇಕು, ಮುಂಭಾಗಕ್ಕೆ, ಮೇಲೆ ಆಳಕ್ಕೆ ತುರುಕುವುದಲ್ಲ. ಆಮೇಲೆ ಮೂಗಿನ ಎರಡೂ ಬದಿ ಒತ್ತಿ ಹಿಡಿದು ಸ್ವಲ್ಪ ಉಜ್ಜಬೇಕು. ಸ್ವಲ್ಪ ಹೊತ್ತಿಗೆ ಗಂಟಲಿನ ಹಿಂದೆ ಒಂದು ರುಚಿ ಬರುತ್ತದೆ, ಅದು ಬಂತು ಅಂದರೆ ಸರಿಯಾಗಿ ಹರಡಿದೆ ಅಂತಲೇ ಲೆಕ್ಕ. ದಿನಕ್ಕೆ 2 ಸಲವೋ 3 ಸಲವೋ ಅನ್ನುವುದು ಬರೆದುಕೊಟ್ಟ ಡಾಕ್ಟರ್ ಹೇಳಿದಂತೆ. ಹಚ್ಚುವ ಮುಂಚೆ ಕೈ ತೊಳೆಯಿರಿ, ಹಚ್ಚಿದ ಮೇಲೂ ತೊಳೆಯಿರಿ. ಹಚ್ಚಿದ ಮೇಲಿನದ್ದನ್ನು ತುಂಬಾ ಜನ ಮರೆಯುತ್ತಾರೆ. ಮೂಗಿನೊಳಗೆ ಹೋಗಿ ಬಂದ ಬೆರಳು ಅದು, ಹಾಗೇ ಫೋನ್ ಹಿಡಿದರೆ ಏನು ಪ್ರಯೋಜನ?

ಇಲ್ಲಿ ಒಂದು ಮುಖ್ಯ ವಿಷಯ. ಮ್ಯುಪಿರೋಸಿನ್ ಮುಲಾಮು ಎರಡು ತರಹ ಬರುತ್ತದೆ. ಚರ್ಮದ ಗಾಯಕ್ಕೆ ಹಚ್ಚುವ ಮಾಮೂಲಿ ಮುಲಾಮಿನ ತಳದಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಇರುತ್ತದೆ, ಅದನ್ನು ಮೂಗಿನೊಳಗೆ ಹಾಕಿದರೆ ಉರಿಯುತ್ತದೆ. ಮೂಗಿಗೆ ಅಂತಲೇ ಮಾಡಿದ್ದರಲ್ಲಿ ಪ್ಯಾರಾಫಿನ್ ತಳ ಇರುತ್ತದೆ, ಅದು ಮೆತ್ತಗೆ ಕೂರುತ್ತದೆ. ನಮಗೆ ಕೊಟ್ಟ ಮೊದಲ ಸುತ್ತಿನಲ್ಲಿ ಕೆಲವರಿಗೆ ಚರ್ಮದ ಟ್ಯೂಬ್ ಸಿಕ್ಕಿತ್ತು. ಅವರಿಗೆ ಕಣ್ಣಲ್ಲಿ ನೀರು ಬರುವಷ್ಟು ಉರಿ. ಇಬ್ಬರು ಅರ್ಧಕ್ಕೇ ಬಿಟ್ಟರು. ಅರ್ಧ ಕೋರ್ಸ್ ಅಂದರೆ ಬ್ಯಾಕ್ಟೀರಿಯಾಗೆ ಔಷಧಿಯ ಪರಿಚಯ ಮಾಡಿಸಿ ಬಿಟ್ಟಂತೆ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಟ್ಯೂಬಿನ ಮೇಲಿನ ಹೆಸರು ಒಂದೇ, ಯಾರೂ ತಿರುಗಿಸಿ ತೋರಿಸಿರಲಿಲ್ಲ. ಕೈಗೆ ಬಂದಾಗ ಲೇಬಲ್‌ನಲ್ಲಿ ಮೂಗಿಗೆ ಅಂತ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಕೇಳಿ.

ಬಾಡಿ ವಾಶ್ ವಿಷಯ ಇದಕ್ಕಿಂತ ದೊಡ್ಡದು, ಯಾಕೆಂದರೆ ಎಡವುವುದು ಇಲ್ಲೇ. ಕ್ಲೋರ್‌ಹೆಕ್ಸಿಡಿನ್ 1950ರ ದಶಕದಿಂದ ಇರುವ ವಸ್ತು. ಆಪರೇಷನ್ ಮುಂಚೆ ಸರ್ಜನ್‌ಗಳು ಕೈ ತೊಳೆಯುವುದಕ್ಕೆ ಬಳಸುತ್ತಾರಲ್ಲ, ಅದೇ. ಬ್ಯಾಕ್ಟೀರಿಯಾದ ಹೊರಪದರಕ್ಕೆ ಅಂಟಿ ಅದನ್ನು ಸೋರುವಂತೆ ಮಾಡುತ್ತದೆ. ಇದರ ಒಳ್ಳೆಯ ಗುಣ ಏನಂದರೆ ತೊಳೆದ ಮೇಲೂ ಚರ್ಮದ ಮೇಲೆ ಸ್ವಲ್ಪ ಉಳಿದು ಗಂಟೆಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ಆದರೆ ಮಾಮೂಲಿ ಸೋಪಿಗೂ ಇದಕ್ಕೂ ಆಗಿಬರುವುದಿಲ್ಲ. ಸೋಪಿನ ಅಂಶ ಮೈಮೇಲೆ ಉಳಿದಿದ್ದರೆ ಇದರ ಶಕ್ತಿ ಕುಂದುತ್ತದೆ. ತಲೆಗೆ ಶಾಂಪೂ ಬೇಕೇ ಬೇಕು ಅಂದರೆ ಅದನ್ನು ಮೊದಲು ಹಾಕಿ, ಪೂರ್ತಿ ತೊಳೆದು, ಆಮೇಲೆ ಇದನ್ನು ಹಚ್ಚಬೇಕು. ಮೈಗೆ ಹಚ್ಚುವ ಲೋಶನ್‌ಗಳಲ್ಲೂ ಕೆಲವು ಇದರ ಜೊತೆ ಹೊಂದುವುದಿಲ್ಲ, ಯಾವುದು ಸರಿ ಅಂತ ಫಾರ್ಮಸಿಯವರನ್ನು ಕೇಳುವುದು ಒಳ್ಳೆಯದು.

ಬಳಸುವಾಗ ಮೊದಲು ಗಮನಕ್ಕೆ ಬರುವುದು ನೊರೆ ಕಡಿಮೆ ಅನ್ನುವುದು. ನೊರೆ ಬರಲಿಲ್ಲ ಅಂತ ಜಾಸ್ತಿ ಸುರಿಯಬೇಡಿ. ಮೈ ಒದ್ದೆ ಮಾಡಿ, ಶವರ್ ನಿಲ್ಲಿಸಿ, ಒಗೆದ ಬಟ್ಟೆಯ ಚೂರಿಗೆ ಇದನ್ನು ನೀರು ಬೆರೆಸದೆ ಹಾಕಿಕೊಂಡು ಕತ್ತಿನಿಂದ ಕೆಳಗೆ ಹಚ್ಚುತ್ತಾ ಬನ್ನಿ. ಕಂಕುಳು, ತೊಡೆಸಂದು, ಹಿಂಭಾಗದ ಸೀಳು, ಸ್ತನದ ಕೆಳಗೆ, ಹೊಕ್ಕುಳು, ಬೆರಳ ಸಂದು. ಎಂಆರ್‌ಎಸ್‌ಎಗೆ ಇಷ್ಟವಾದ ಜಾಗಗಳು ಇವೇ, ಬೇಗ ಬೇಗ ಸ್ನಾನ ಮುಗಿಸುವವರು ಬಿಡುವ ಜಾಗಗಳೂ ಇವೇ. ಹಚ್ಚಿದ ಮೇಲೆ ಕನಿಷ್ಠ ಒಂದು ನಿಮಿಷ ಹಾಗೇ ನಿಲ್ಲಬೇಕು. ನಿಂತ ಕಾಲಲ್ಲಿ ಒಂದು ನಿಮಿಷ ತುಂಬಾ ಉದ್ದ ಅನಿಸುತ್ತದೆ, ನೈಟ್ ಡ್ಯೂಟಿ ಮುಗಿಸಿ ಬಂದು ಕಣ್ಣು ಎಳೆಯುತ್ತಿರುವಾಗ ಇನ್ನೂ ಜಾಸ್ತಿ. ಆದರೆ ಔಷಧಿ ಕೆಲಸ ಮಾಡುವುದು ಆ ನಿಮಿಷದಲ್ಲೇ. ತಲೆಕೂದಲಿಗೂ ಕೋರ್ಸಿನಲ್ಲಿ ಎರಡು ಸಲವಾದರೂ ಹಾಕಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕೂದಲು ಒರಟಾಗುತ್ತದೆ, ಅದು ನಿಜ.

ಕಣ್ಣಿಗೂ ಕಿವಿಯೊಳಕ್ಕೂ ಬೀಳಬಾರದು. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಾದ ಮಾತು. ಕಣ್ಣಿಗೆ ಬಿದ್ದು ಹಾಗೇ ಉಳಿದರೆ ಕಾರ್ನಿಯಾಗೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಹಾನಿ ಆಗಬಹುದು, ಕಿವಿತಮಟೆ ತೂತಾಗಿದ್ದು ಒಳಗೆ ಇಳಿದರೆ ಕೇಳಿಸುವ ಶಕ್ತಿಗೇ ಪೆಟ್ಟು. ಅಪರೂಪಕ್ಕೆ ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ. 2017ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ವಿಶೇಷವಾಗಿ ಎಚ್ಚರಿಕೆ ಕೊಟ್ಟಿತ್ತು. ಮೈ ದದ್ದು, ಮುಖ ಊತ, ಉಸಿರು ಕಟ್ಟಿದಂತೆ ಆದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ನನಗೆ ಆದದ್ದು ಚರ್ಮ ಒಣಗಿದ್ದು ಮಾತ್ರ. ಮೊಣಕಾಲಿನ ಕೆಳಗೆ ಬಿಳಿಬಿಳಿ ಹೊಟ್ಟು ಎದ್ದು ಕೆರೆತ, ಕೋರ್ಸ್ ಮುಗಿದ ಮೇಲೆ ತಾನಾಗೇ ಸರಿಹೋಯಿತು.

ಇನ್ನೊಂದು ವಿಷಯ ಯಾವ ಚೀಟಿಯಲ್ಲೂ ಇರಲಿಲ್ಲ. ಕ್ಲೋರ್‌ಹೆಕ್ಸಿಡಿನ್ ತಾಗಿದ ಟವೆಲನ್ನು ಕ್ಲೋರಿನ್ ಬ್ಲೀಚ್ ಹಾಕಿ ಒಗೆದರೆ ಕಂದು ಕಲೆ ಬೀಳುತ್ತದೆ, ಬಿಟ್ಟು ಹೋಗುವುದೇ ಇಲ್ಲ. ಸೋಂಕು ಅಂದ ಕೂಡಲೇ ನಮ್ಮ ಕೈ ಮೊದಲು ಹೋಗುವುದು ಬ್ಲೀಚಿಗೇ ಅಲ್ವಾ? ಜೊತೆಯವರೊಬ್ಬರು ಯೂನಿಫಾರ್ಮ್ ಒಳಗೆ ಹಾಕುವ ಬಿಳಿ ಬನಿಯನ್‌ಗಳನ್ನೆಲ್ಲ ಹಾಗೆ ಒಗೆದು, ಕಂಕುಳಲ್ಲಿ ಕಾಫಿ ಬಣ್ಣದ ಮಚ್ಚೆ ಎದ್ದಿದ್ದು ನೋಡಿ, ಇದು ಬ್ಯಾಕ್ಟೀರಿಯಾದ ಗುರುತೇನೋ ಅಂತ ಹೆದರಿಬಿಟ್ಟಿದ್ದರು. ಏನೂ ಅಲ್ಲ, ಎರಡು ರಾಸಾಯನಿಕ ಸೇರಿ ಆದ ಬಣ್ಣ. ಬ್ಲೀಚ್ ಬಿಟ್ಟು ಮಾಮೂಲಿ ಡಿಟರ್ಜೆಂಟ್, ಬಟ್ಟೆ ತಡೆಯುವಷ್ಟು ಬಿಸಿ ನೀರು, ಪೂರ್ತಿ ಒಣಗಿಸುವುದು. ಇಷ್ಟು ಸಾಕು.

ನಿಜ ಹೇಳಬೇಕೆಂದರೆ ಈ ಕಿಟ್‌ನ ಅತಿ ಕಷ್ಟದ ಭಾಗ ಕಿಟ್‌ನೊಳಗೆ ಇಲ್ಲ. ದಿನಾ ಒಗೆದ ಟವೆಲ್, ದಿನಾ ಒಗೆದ ಒಳಬಟ್ಟೆ, ದಿನಾ ಬದಲಾದ ದಿಂಬಿನ ಕವರ್, ಆದಷ್ಟು ಬೆಡ್‌ಶೀಟೂ. ಯಾಕೆಂದರೆ ಸ್ಟ್ಯಾಫ್ ಒಣ ಜಾಗದಲ್ಲೂ ದಿನಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಬದುಕಿರಬಲ್ಲದು. ಮೈಯಿಂದ ತೊಳೆದು ಓಡಿಸಿದ್ದು ನಿನ್ನೆಯ ಟವೆಲಿನಿಂದ ಇವತ್ತು ವಾಪಸ್ ಬರುತ್ತದೆ. ಫೋನ್, ಕನ್ನಡಕ, ಐಡಿ ಕಾರ್ಡಿನ ದಾರ, ಸ್ಟೆತೊಸ್ಕೋಪು ಕೂಡ ಇದೇ ಲೆಕ್ಕ. ಹಾಸ್ಟೆಲ್‌ನಲ್ಲಿ ಒಂದೇ ರೂಮಿನಲ್ಲಿ ಹಲವರು ಇರುವ ಹುಡುಗಿಯರು, ಡಬಲ್ ಡ್ಯೂಟಿ ಮಾಡುವ ಆಯಾಗಳು ದಿನಾ ಇಷ್ಟು ಬಟ್ಟೆ ಎಲ್ಲಿ ಒಗೆಯಬೇಕು, ಎಲ್ಲಿ ಒಣಗಿಸಬೇಕು? ಆಸ್ಪತ್ರೆಯಲ್ಲಿ ಲಾಂಡ್ರಿ ಇದೆ. ರೋಗಿಗಳ ಶೀಟ್‌ಗಳು ಅಲ್ಲೇ ಒಗೆಯುತ್ತಾರೆ. 5 ದಿನದ ಮಟ್ಟಿಗೆ ನಮ್ಮ ಟವೆಲ್‌ಗಳನ್ನೂ ತೆಗೆದುಕೊಳ್ಳಿ ಅಂತ ಕೇಳಿದೆವು. ಆಗುವುದಿಲ್ಲ ಅಂದರು. ನನ್ನ ಎರಡು ಸ್ಟಾರ್‌ಗೆ ಮೊದಲ ಕಾರಣ ಇದು.

ಎರಡನೇ ಕಾರಣ ಇದಕ್ಕಿಂತ ಬೇಸರದ್ದು. ಪಾಸಿಟಿವ್ ಬಂದವರ ಹೆಸರಿನ ಪಟ್ಟಿಯನ್ನು ನರ್ಸಿಂಗ್ ಸ್ಟೇಷನ್‌ನಲ್ಲಿ ಅಂಟಿಸಿದರು. ರೋಗಿಗಳ ಮನೆಯವರೂ ನಿಂತು ಓದುವ ಜಾಗ ಅದು. ಸಂಜೆ ಹೊತ್ತಿಗೆ ಊಟದ ಟೇಬಲ್ಲಿನಲ್ಲಿ ಜಾಗ ಬಿಟ್ಟು ಕೂರುವುದು ಶುರುವಾಯಿತು. ನಮ್ಮ ಆಯಾ ಒಬ್ಬರು ನನ್ನ ಹತ್ತಿರ ಬಂದು, “ಸಿಸ್ಟರ್, ನನ್ ಮಗೂನ ಎತ್ಕೋಬಹುದಾ? ಇಲ್ಲಾ ಅಮ್ಮನ ಹತ್ರ ಬಿಟ್ಟು ಬರ್ಲಾ?” ಅಂತ ಕೇಳಿದರು. ಧ್ವನಿ ನಡುಗುತ್ತಿತ್ತು. ಎತ್ತಿಕೊಳ್ಳಿ, ಕೈ ತೊಳೆದು ಎತ್ತಿಕೊಳ್ಳಿ, ಮಗು ಆರೋಗ್ಯವಾಗಿದೆ, ಏನೂ ಆಗುವುದಿಲ್ಲ, ಟವೆಲ್ ಮಾತ್ರ ಬೇರೆ ಇಡಿ ಅಂತ ಹೇಳಿದೆ. ಈ ಪ್ರಶ್ನೆಗೆ ಉತ್ತರ ಟ್ಯೂಬಿನ ಜೊತೆಗೇ ಸಿಗಬೇಕಿತ್ತು. ಅವರು ಆ ರಾತ್ರಿ ಮಗುವನ್ನು ಮುಟ್ಟದೆ ಕಳೆದಿದ್ದರೆ ಅದಕ್ಕೆ ಯಾರು ಜವಾಬ್ದಾರಿ?

ಹೆಸರು ಅಂಟಿಸುವುದು ಅವಮಾನದ ವಿಷಯ ಮಾತ್ರ ಅಲ್ಲ. ಅದರಿಂದ ರೋಗಿಗಳಿಗೂ ಅಪಾಯ. ಮುಂದಿನ ಸಲ ಸ್ವಾಬ್ ಅಂದಾಗ ಯಾರು ಮೂಗು ಕೊಡುತ್ತಾರೆ? ಕೈಯಲ್ಲಿ ಕೀವು ತುಂಬಿದ ಸಣ್ಣ ಗಾಯ ಆದರೆ ಅದನ್ನು ತೋರಿಸುತ್ತಾರಾ, ಗ್ಲೌಸ್ ಹಾಕಿಕೊಂಡು ಮುಚ್ಚಿಡುತ್ತಾರಾ? ಎಂಆರ್‌ಎಸ್‌ಎ ತುಂಬಾ ಕಡಿಮೆ ಇರುವ ದೇಶ ನೆದರ್‌ಲ್ಯಾಂಡ್ಸ್. ಅಲ್ಲಿ ‘ಹುಡುಕು, ನಿರ್ಮೂಲ ಮಾಡು’ ಅನ್ನುವ ಕಟ್ಟುನಿಟ್ಟಿನ ಪದ್ಧತಿ ಇದೆ. ಪಾಸಿಟಿವ್ ಬಂದ ಸಿಬ್ಬಂದಿಯನ್ನು ರೋಗಿಗಳಿಂದ ಸ್ವಲ್ಪ ಕಾಲ ದೂರ ಇಟ್ಟು ಚಿಕಿತ್ಸೆ ಕೊಟ್ಟು ವಾಪಸ್ ಕರೆದುಕೊಳ್ಳುತ್ತಾರೆ. ಹುಡುಕುವುದೇ ಆ ಪದ್ಧತಿಯ ಅರ್ಧ ಕೆಲಸ. ಹೆದರಿದವರು ಬಚ್ಚಿಟ್ಟುಕೊಂಡರೆ ಹುಡುಕುವುದು ಹೇಗೆ?

ಸ್ವಾಬ್ ತೆಗೆದ ಹೊತ್ತಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಮ್ಮದನ್ನು ಡ್ಯೂಟಿ ಮುಗಿದು ಹೊರಡುವಾಗ ತೆಗೆದರು. ಎಂಟು ಹನ್ನೆರಡು ಗಂಟೆ ಎಂಆರ್‌ಎಸ್‌ಎ ರೋಗಿಯ ಹಾಸಿಗೆ ಬದಿ ಕೆಲಸ ಮಾಡಿದವರ ಮೂಗಿನಲ್ಲಿ ಆ ಹೊತ್ತಿಗೆ ಬ್ಯಾಕ್ಟೀರಿಯಾ ಸಿಗುವುದು ದೊಡ್ಡ ವಿಷಯ ಅಲ್ಲ, ಕೆಲವರದ್ದು ಮರುದಿನ ಬೆಳಿಗ್ಗೆ ಹೊತ್ತಿಗೆ ತಾನಾಗೇ ಹೋಗಿರುತ್ತದೆ. ಅದಕ್ಕೇ ಡ್ಯೂಟಿ ಶುರುವಾಗುವ ಮುಂಚೆ ತೆಗೆಯುವುದು ಸರಿಯಾದ ಕ್ರಮ. ಹಾಗೆ ಮಾಡಿದ್ದರೆ ಆ ಪಟ್ಟಿಯಲ್ಲಿ ಕೆಲವರ ಹೆಸರು ಇರುತ್ತಲೇ ಇರಲಿಲ್ಲವೇನೋ.

ಫಲಿತಾಂಶ? ನನ್ನದು ನೆಗೆಟಿವ್ ಆಯಿತು. ಕೋರ್ಸ್ ಮುಗಿದ ಮರುದಿನವೇ ಸ್ವಾಬ್ ಮಾಡಿಸಿ ಖುಷಿಪಡಬೇಡಿ. ಔಷಧಿಯ ಅಂಶ ಇನ್ನೂ ಇರುತ್ತದೆ, ಬ್ಯಾಕ್ಟೀರಿಯಾ ಇದ್ದರೂ ಲ್ಯಾಬಿನಲ್ಲಿ ಬೆಳೆಯದೆ ಹೋಗಬಹುದು. ಕನಿಷ್ಠ 48 ಗಂಟೆ ಬಿಟ್ಟು, ಆಮೇಲೆ ವಾರದ ಅಂತರದಲ್ಲಿ ಮತ್ತೆ ಮತ್ತೆ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ಒಬ್ಬ ಸಹೋದ್ಯೋಗಿಗೆ ಮತ್ತೆ ಪಾಸಿಟಿವ್ ಬಂತು. ಅವರಿಗೆ ಕೈಯಲ್ಲಿ ಎಕ್ಸಿಮಾ (ಚರ್ಮ ಒಣಗಿ ಕೆರೆಯುವ ತೊಂದರೆ) ಇದೆ, ಪದೇ ಪದೇ ತೊಳೆದು ಬೆರಳ ಗೆಣ್ಣುಗಳು ಬಿರಿದಿವೆ. ಬಿರಿದ ಚರ್ಮದಲ್ಲಿ ಸ್ಟ್ಯಾಫ್ ಗಟ್ಟಿಯಾಗಿ ಕೂರುತ್ತದೆ, ಮೊದಲು ಆ ಚರ್ಮ ವಾಸಿಯಾಗಬೇಕು, ಆಮೇಲೆ ಕಿಟ್. ಗಂಟಲಲ್ಲಿ ಇದ್ದರೂ ಮೂಗಿನ ಮುಲಾಮು ಅಲ್ಲಿಗೆ ಮುಟ್ಟುವುದಿಲ್ಲ. ಹೋದದ್ದು ತಿಂಗಳುಗಳ ನಂತರ ಮತ್ತೆ ಬರುವುದೂ ಸಾಮಾನ್ಯ. ನಾಲ್ಕು ಸ್ಟಾರ್ ಕೊಟ್ಟು ಒಂದನ್ನು ಹಿಡಿದದ್ದು ಇದಕ್ಕೇ.

ಈಗ ರೋಗಿಗಳ ಕಡೆಗೆ. ಕಿಟ್‌ನ ನಿಜವಾದ ಬೆಲೆ ಗೊತ್ತಾಗುವುದು ಅಲ್ಲಿ. ನೆದರ್‌ಲ್ಯಾಂಡ್ಸ್‌ನ ಆಸ್ಪತ್ರೆಗಳಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಮೂಗಿನಲ್ಲಿ ಸ್ಟ್ಯಾಫ್ ಇದ್ದ ರೋಗಿಗಳಿಗೆ ಇದೇ ಮುಲಾಮು, ಇದೇ ಬಾಡಿ ವಾಶ್ ಕೊಟ್ಟಾಗ ಆಸ್ಪತ್ರೆಯಲ್ಲಿ ಸ್ಟ್ಯಾಫ್ ಸೋಂಕು ಆದವರು ಶೇ. 3.4, ಔಷಧಿ ಇಲ್ಲದ ಡಮ್ಮಿ ಮುಲಾಮು, ಡಮ್ಮಿ ಸೋಪ್ ಕೊಟ್ಟವರಲ್ಲಿ ಶೇ. 7.7. ಅದು ಮಾಮೂಲಿ ಸ್ಟ್ಯಾಫ್ ಮೇಲೆ ನೋಡಿದ್ದು. ಎಂಆರ್‌ಎಸ್‌ಎ ವಿಷಯಕ್ಕೆ ಅಮೆರಿಕದ 43 ಆಸ್ಪತ್ರೆಗಳ 74 ಐಸಿಯುಗಳಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ದೊಡ್ಡದು. ಐಸಿಯುಗೆ ಬಂದ ಪ್ರತಿಯೊಬ್ಬರಿಗೂ ಸ್ವಾಬ್ ಕಾಯದೆ ಮೂಗಿಗೆ ಮ್ಯುಪಿರೋಸಿನ್, ಮೈಗೆ ದಿನಾ ಕ್ಲೋರ್‌ಹೆಕ್ಸಿಡಿನ್ ಒರೆಸಿದಾಗ ಎಂಆರ್‌ಎಸ್‌ಎ ಸಿಗುವುದು ಶೇ. 37ರಷ್ಟು, ಯಾವುದೇ ಬ್ಯಾಕ್ಟೀರಿಯಾದಿಂದ ರಕ್ತದ ಸೋಂಕು ಆಗುವುದು ಶೇ. 44ರಷ್ಟು ಇಳಿಯಿತು. ಒಂದು ಮುಲಾಮು, ದಿನಾ ಮೈ ಒರೆಸುವುದರಿಂದ ಇಷ್ಟು! ಡಿಸ್ಚಾರ್ಜ್ ಆದವರಿಗೂ ಉಪಯೋಗ ಇದೆ. 2019ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಎಂಆರ್‌ಎಸ್‌ಎ ಹೊತ್ತು ಮನೆಗೆ ಹೋದವರು ತಿಂಗಳಿಗೆ ಎರಡು ಸಲ 5 ದಿನದ ಕೋರ್ಸನ್ನು 6 ತಿಂಗಳು ಮಾಡಿದಾಗ, ಒಂದು ವರ್ಷದಲ್ಲಿ ಎಂಆರ್‌ಎಸ್‌ಎ ಸೋಂಕಿನ ಅಪಾಯ ಶೇ. 30ರಷ್ಟು ಕಡಿಮೆ ಆಯಿತು. ಅವರಿಗೆ ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ಕೂಡ ಕೊಟ್ಟಿದ್ದರು.

ರೋಗಿಗೆ ಹಾಸಿಗೆಯಲ್ಲೇ ಮೈ ಒರೆಸುವುದು ಬೇರೆ ಕೌಶಲ. ಅದಕ್ಕೆ ಸಾಮಾನ್ಯವಾಗಿ ಶೇ. 2ರ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ನೆನೆಸಿದ ಬಟ್ಟೆಗಳು ಬರುತ್ತವೆ, ಒರೆಸಿದ ಮೇಲೆ ನೀರಲ್ಲಿ ತೊಳೆಯಬಾರದು, ತಾನಾಗಿ ಒಣಗಬೇಕು. ಅಂಟಂಟು ಅನಿಸುತ್ತದೆ ಅಂತ ಮನೆಯವರು ಪ್ರೀತಿಯಿಂದ ಒದ್ದೆ ಬಟ್ಟೆಯಲ್ಲಿ ಮತ್ತೆ ಒರೆಸಿಬಿಡುತ್ತಾರೆ, ಅಲ್ಲಿಗೆ ಎಲ್ಲ ಹೋಯಿತು. ಒಮ್ಮೆ ಹೇಳಿದರೆ ಸಾಕು, ಯಾರೂ ಮಾಡುವುದಿಲ್ಲ. ಸೆಂಟ್ರಲ್ ಲೈನ್, ಕ್ಯಾತಿಟರ್ ಟ್ಯೂಬುಗಳ ದೇಹಕ್ಕೆ ಹತ್ತಿರದ ಭಾಗವನ್ನೂ ಒರೆಸಬೇಕು. ಮಡಿಕೆ ಬಿದ್ದ ಚರ್ಮವನ್ನು ಎತ್ತಿ ಒರೆಸಬೇಕು. ಒಬ್ಬ ಅಜ್ಜನಿಗೆ ಐಸೊಲೇಷನ್ ಬೋರ್ಡ್ (ಬೇರೆಯಾಗಿ ಇಟ್ಟಿದ್ದೇವೆ ಅನ್ನುವ ಸೂಚನೆ) ಹಾಕಿದಾಗ ಅವರ ಮಗಳು ಬಾಗಿಲಲ್ಲೇ ನಿಂತುಬಿಟ್ಟಿದ್ದರು, ಒಳಗೆ ಬರಲು ಭಯ. ಏಪ್ರನ್ ಕಟ್ಟಿ, ಕೈಗೆ ಹ್ಯಾಂಡ್ ರಬ್ ಹಾಕಿಸಿ, ಅಪ್ಪನ ಬೆನ್ನು ಒರೆಸುವಾಗ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಆಮೇಲೆ ಅವರೇ ಕಾಲು ಒರೆಸಿದರು. ಐಸೊಲೇಷನ್‌ನಲ್ಲಿ ಇರುವ ರೋಗಿಗಳ ಹತ್ತಿರ ಡಾಕ್ಟರ್, ನರ್ಸ್‌ಗಳು ಹೋಗುವುದೇ ಕಡಿಮೆಯಾಗುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಅದು ಆಗಬಾರದು. ಬೋರ್ಡ್ ಇರುವುದು ಬ್ಯಾಕ್ಟೀರಿಯಾವನ್ನು ತಡೆಯಲು, ಮನುಷ್ಯರನ್ನಲ್ಲ.

ಈ ಕಿಟ್ ಎಲ್ಲದಕ್ಕೂ ಮದ್ದು ಅಂತ ತಿಳಿಯಬೇಡಿ. ಇದು ಸ್ಟ್ಯಾಫ್‌ಗೆ. ಐಸಿಯುನಲ್ಲಿ ನಮ್ಮನ್ನು ಇನ್ನೂ ಜಾಸ್ತಿ ಕಾಡುವ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಗಳ ಕಥೆ ಬೇರೆ. ಕಾರ್ಬಪೆನೆಮ್ ಅನ್ನುವ ಬಲವಾದ ಆ್ಯಂಟಿಬಯಾಟಿಕ್‌ಗಳಿಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಇರುವುದು ಕರುಳಲ್ಲಿ. ಮೂಗಿಗೆ ಹಚ್ಚಿದ್ದು ಅಲ್ಲಿಗೆ ತಲುಪುವುದಿಲ್ಲ, ಕರುಳಿನಿಂದ ಅವನ್ನು ಓಡಿಸಲು ನಂಬಬಹುದಾದ ಕೋರ್ಸ್ ಸದ್ಯಕ್ಕೆ ಇಲ್ಲ. ಸಿಂಕ್‌ನ ಡ್ರೈನ್ ಪೈಪಿನೊಳಗೂ ಇವು ಬೀಡುಬಿಟ್ಟಿರುತ್ತವೆ, ನಲ್ಲಿ ಜೋರಾಗಿ ಬಿಟ್ಟರೆ ಸಿಡಿದು ಹೊರಗೆ ಬರುತ್ತವೆ. ಔಷಧಿ ತಯಾರಿಸುವ ಟ್ರೇ ಸಿಂಕ್ ಪಕ್ಕ ಇಡಬಾರದು ಅನ್ನುವುದು ಇದಕ್ಕೇ. ಅಲ್ಲಿ ಉಳಿದಿರುವ ಆಯುಧ ಕೈ ಮಾತ್ರ. ಹ್ಯಾಂಡ್ ರಬ್ ಹಾಕಿ 20ರಿಂದ 30 ಸೆಕೆಂಡ್, ಅಂಗೈ, ಮುಂಗೈ, ಬೆರಳ ತುದಿ, ಹೆಬ್ಬೆರಳು. ಗ್ಲೌಸ್ ಹಾಕಿದ್ದೇನೆ ಅಂತ ಇದನ್ನು ಬಿಡುವ ಹಾಗಿಲ್ಲ, ಗ್ಲೌಸ್ ತೆಗೆಯುವಾಗಲೇ ಕೈಗೆ ಅಂಟುವುದು ಜಾಸ್ತಿ. ಸ್ವಿಟ್ಜರ್‌ಲ್ಯಾಂಡ್‌ನ ಜಿನೀವಾ ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕದಲ್ಲೇ ಹ್ಯಾಂಡ್ ರಬ್ ಇಟ್ಟು, ಪದೇ ಪದೇ ನೆನಪಿಸಿ, 1994ರಿಂದ 1997ರೊಳಗೆ ಕೈ ಶುಚಿ ಮಾಡಿಕೊಳ್ಳುವುದನ್ನು ಶೇ. 48ರಿಂದ 66ಕ್ಕೆ ಏರಿಸಿದ್ದರು, ಜೊತೆಗೆ ಆಸ್ಪತ್ರೆಯಲ್ಲಿ ಅಂಟುವ ಸೋಂಕುಗಳೂ ಇಳಿದವು. ಬಾಟಲಿ ಕೈಗೆ ಎಟುಕಬೇಕು. ಬಾಗಿಲ ಹತ್ತಿರ ಒಂದೇ ಒಂದು ಇಟ್ಟು, ಅದೂ ಖಾಲಿಯಾಗಿದ್ದರೆ, ಒಬ್ಬ ನರ್ಸ್‌ಗೆ ಹಲವು ರೋಗಿಗಳನ್ನು ಒಪ್ಪಿಸಿದ್ದರೆ, ಪೋಸ್ಟರ್ ಎಷ್ಟು ಅಂಟಿಸಿದರೂ ಅಷ್ಟೇ.

ಇನ್ನೊಂದು ಮಾತು, ಮ್ಯುಪಿರೋಸಿನ್‌ನ್ನು ಸಿಕ್ಕಿದ್ದಕ್ಕೆಲ್ಲ ಹಚ್ಚುವುದು ಬೇಡ. ಇದಕ್ಕೂ ಬಗ್ಗದ ಸ್ಟ್ಯಾಫ್ ಈಗಾಗಲೇ ಇದೆ, ಸುಮ್ಮನೆ ಹಚ್ಚುತ್ತಾ ಹೋದಷ್ಟೂ ಜಾಸ್ತಿಯಾಗುತ್ತದೆ. ಸಾಧ್ಯ ಇದ್ದರೆ ಕಲ್ಚರ್ ಕಳಿಸುವಾಗಲೇ ಮ್ಯುಪಿರೋಸಿನ್ ಕೆಲಸ ಮಾಡುತ್ತದೆಯಾ ಅಂತಲೂ ನೋಡಲು ಹೇಳಿ. ಎರಡನೇ ಕೋರ್ಸ್ ಕೊಡುವ ಮುಂಚೆ ಅಂತೂ ಕೇಳಲೇಬೇಕು. ಉಳಿದ ಟ್ಯೂಬನ್ನು ಮುಂದಿನ ನೆಗಡಿಗೆ ಅಂತ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಕೊಡಲೂಬೇಡಿ.

ನಾವು ಕೆಲವರು ಸೇರಿ ಆಸ್ಪತ್ರೆಯವರಿಗೆ ಬರೆದುಕೊಟ್ಟಿದ್ದೇವೆ. ಹೆಸರಿನ ಪಟ್ಟಿ ತೆಗೆಯಿರಿ, ಸ್ವಾಬ್ ಡ್ಯೂಟಿಗೆ ಮುಂಚೆ ತೆಗೆಯಿರಿ, ಕಿಟ್ ಕೊಡುವಾಗ ಇನ್ಫೆಕ್ಷನ್ ಕಂಟ್ರೋಲ್ ನರ್ಸ್ ಪ್ರತಿಯೊಬ್ಬರ ಜೊತೆ ಕೂತು ಹತ್ತು ನಿಮಿಷ ಮಾತಾಡಲಿ, 5 ದಿನ ಟವೆಲ್ ಮತ್ತು ಶೀಟ್ ಆಸ್ಪತ್ರೆಯ ಲಾಂಡ್ರಿಯಿಂದ ಬರಲಿ, ಕೆಲಸದಿಂದ ದೂರ ಇಟ್ಟ ದಿನಗಳಿಗೆ ಸಂಬಳ ಹಿಡಿಯಬೇಡಿ. ಪಟ್ಟಿ ಹೋಯಿತು. ಮೂಗಿನ ಟ್ಯೂಬ್ ಈಗ ಸರಿಯಾದದ್ದೇ ಬರುತ್ತಿದೆ. ಉಳಿದದ್ದಕ್ಕೆ ನೋಡೋಣ ಅಂದಿದ್ದಾರೆ. ಅದೂ ಆದರೆ ಎರಡು ಸ್ಟಾರನ್ನು ನಾನೇ ಬದಲಾಯಿಸಿ ಇಲ್ಲೇ ಬರೆಯುತ್ತೇನೆ.